ಸಣ್ಣ ಸಾ ಮಿಲ್ಲು, ಚನ್ನೆಮಣೆ ಮತ್ತು ಬೆಲೆಯ ಲೆಕ್ಕ



ಮುಂಬಯಿ, ಪುಣೆ, ದೆಹಲಿ ಎಲ್ಲೇ ಆಗಲಿ, ಕರಕುಶಲ ಮೇಳದಲ್ಲಿ ಮರದ ಸಾಮಾನಿನ ಮಳಿಗೆ ಮುಂದೆ ನಿಂತ ಕನ್ನಡಿಗರು ಎರಡು ಮಾತು ಆಡಿಯೇ ಆಡುತ್ತಾರೆ. ಮೊದಲನೆಯದು, "ಅಯ್ಯೋ ಚನ್ನೆಮಣೆ! ನಮ್ಮ ಅಜ್ಜಿ ಮನೆಯಲ್ಲಿತ್ತು." ಎರಡನೆಯದು ಬೆಲೆ ಕೇಳಿದ ಮೇಲೆ ಬರುವ ಮಾತು. "ಒಂದು ಮರದ ತುಂಡಿಗೆ ಇಷ್ಟಾ?"

ಕೇಳುವುದರಲ್ಲಿ ತಪ್ಪಿಲ್ಲ. ದುಡ್ಡು ಕೊಡುವವರು ಕೇಳಬೇಕಾದದ್ದೇ. ಆದರೆ ಮಳಿಗೆಯ ಗಲಾಟೆಯಲ್ಲಿ, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಅದಕ್ಕೆ ಸರಿಯಾದ ಉತ್ತರ ಹೇಳಲು ಆಗುವುದಿಲ್ಲ. ಇವತ್ತು ಸಮಯ ಸಿಕ್ಕಿದೆ. ತೀರ್ಥಹಳ್ಳಿ ಕಡೆ ಒಂದು ಸಣ್ಣ ಮರ ಕೊಯ್ಯುವ ಮಿಲ್ಲು ನಡೆಸುವವನು ನಾನು. ಮಿಲ್ಲಿನ ಪಕ್ಕದ ಮಾಡಿನಲ್ಲಿ ನಾಲ್ಕು ಜನ ಕೂತು ಕೈಯಲ್ಲಿ ಮರದ ಸಾಮಾನು ಮಾಡುತ್ತಾರೆ. ಆ ಒಂದು ತುಂಡು ಮರ ನಿಮ್ಮ ಕೈಗೆ ಬರುವ ತನಕ ಏನೇನಾಗುತ್ತದೆ ಎಂದು ಹೇಳುತ್ತೇನೆ. ಆಮೇಲೆ ಬೆಲೆ ಹೆಚ್ಚೋ ಕಡಿಮೆಯೋ ನೀವೇ ಹೇಳಿ.

ಮೊದಲು ಮಿಲ್ಲಿನ ವಿಷಯ. ಸಾ ಮಿಲ್ಲು ಅಂದರೆ ಕಿರಾಣಿ ಅಂಗಡಿಯ ಹಾಗೆ ಬೇಕೆಂದಾಗ ಬಾಗಿಲು ತೆರೆಯುವ ವ್ಯಾಪಾರವಲ್ಲ. ಅರಣ್ಯ ಇಲಾಖೆಯ ಪರವಾನಗಿ ಬೇಕು. ನೀಲಗಿರಿಯ ಗೂಡಲೂರಿನ ಕಾಡು ಉಳಿಸಬೇಕೆಂದು 1995ರಲ್ಲಿ ಗೋದವರ್ಮನ್ ತಿರುಮುಲ್ಪಾಡ್ ಎಂಬುವರು ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 12ರಂದು ಬಂದ ಆದೇಶ ದೇಶದ ಮರದ ವ್ಯಾಪಾರವನ್ನೇ ಬದಲಾಯಿಸಿತು. 2002ರಲ್ಲಿ ಮತ್ತೊಂದು ಆದೇಶ ಬಂತು. ನ್ಯಾಯಾಲಯದ ಉನ್ನತಾಧಿಕಾರ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ರಾಜ್ಯವೂ ಹೊಸ ಮಿಲ್ಲಿಗೆ ಅನುಮತಿ ಕೊಡುವಂತಿಲ್ಲ ಎಂದಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದು, ರಾಜ್ಯ ಮಟ್ಟದ ಸಮಿತಿ ಮರದ ಲಭ್ಯತೆ ನೋಡಿಕೊಂಡು ತೀರ್ಮಾನಿಸಬಹುದು ಎಂದಿತು. ಈ ಕಟ್ಟುನಿಟ್ಟಿನಿಂದ ನಮಗೆ ತೊಂದರೆ ಆಗಿಲ್ಲವೇ ಎಂದರೆ ಆಗಿದೆ. ಆದರೂ ಆ ಆದೇಶ ಬರಲೇಬೇಕಿತ್ತು ಎನ್ನುವವನು ನಾನು. ಅದಕ್ಕೆ ಮೊದಲು ನಮ್ಮ ಕಡೆಯ ರಸ್ತೆಗಳಲ್ಲಿ ರಾತ್ರಿ ಎಂಥ ಲಾರಿಗಳು ಓಡಾಡುತ್ತಿದ್ದವು ಎಂದು ನೋಡಿದವರು ಯಾರೂ ಬೇರೆ ಮಾತು ಹೇಳಲಾರರು.

ಹಾಗಾದರೆ ಈಗ ಮರ ಎಲ್ಲಿಂದ ಬರುತ್ತದೆ? ತೇಗ, ಮತ್ತಿ, ಹೊನ್ನೆ ಬೇಕಾದರೆ ಇಲಾಖೆಯ ನಾಟಾ ಡಿಪೋದ ಹರಾಜಿಗೆ ಹೋಗಬೇಕು. ಉತ್ತರ ಕನ್ನಡದ ದಾಂಡೇಲಿ ಡಿಪೋದ ತೇಗ ಹೆಸರುವಾಸಿ. ಆದರೆ ಅಲ್ಲಿ ದೊಡ್ಡ ವ್ಯಾಪಾರಿಗಳ ಜತೆ ಸವಾಲು ಕೂಗುವ ಶಕ್ತಿ ನಮ್ಮಂಥವರಿಗೆ ಕಮ್ಮಿ. ನಮ್ಮ ಹೊಟ್ಟೆ ತುಂಬಿಸುವುದು ತೋಟದ ಮರ, ಹಿತ್ತಲ ಮರ. ಹಲಸು, ಮಾವು, ಅಕೇಶಿಯಾ, ಕಾಫಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ರಬ್ಬರ್, ತೆಂಗು ಮುಂತಾದ ಕೆಲವು ಮರಗಳಿಗೆ ವಿನಾಯಿತಿ ಇದೆ. ಉಳಿದದ್ದಕ್ಕೆ ಕಡಿಯಲು ಅನುಮತಿ, ಸಾಗಿಸಲು ಪರ್ಮಿಟ್ಟು, ದಿಮ್ಮಿಯ ಮೇಲೆ ಸುತ್ತಿಗೆಯ ಮುದ್ರೆ. ಬಂದ ದಿಮ್ಮಿಗೂ ಹೋದ ಹಲಗೆಗೂ ರಿಜಿಸ್ಟರಿನಲ್ಲಿ ಲೆಕ್ಕ ಇಡಬೇಕು.

ಹಿತ್ತಲ ಮರದ ಒಂದು ಪೀಡೆ ಹೇಳಿಬಿಡುತ್ತೇನೆ. ಮೊಳೆ! ಬಟ್ಟೆ ಒಣಗಿಸುವ ಹಗ್ಗಕ್ಕೆ, ಬೇಲಿ ತಂತಿಗೆ, ಚುನಾವಣೆಯ ಬೋರ್ಡಿಗೆ ಅಂತ ಯಾರೋ ಯಾವತ್ತೋ ಹೊಡೆದ ಮೊಳೆಯನ್ನು ಮರ ಬೆಳೆಯುತ್ತ ನುಂಗಿರುತ್ತದೆ. ಮೇಲಿಂದ ಏನೂ ಕಾಣುವುದಿಲ್ಲ. ಬ್ಯಾಂಡ್ ಸಾ ಅಂದರೆ ಎರಡು ದೊಡ್ಡ ಗಾಲಿಗಳ ಮೇಲೆ ಸುತ್ತುವ ಹಲ್ಲಿನ ಪಟ್ಟಿ. ಮೊಳೆ ಸಿಕ್ಕಿತೋ, ಆ ಹಲ್ಲೆಲ್ಲ ಹೋಯಿತು, ಅರ್ಧ ದಿನದ ಕೆಲಸವೂ ಹೋಯಿತು. ಅದಕ್ಕೇ ಮನೆ ಪಕ್ಕದ ಹಲಸಿನ ದಿಮ್ಮಿ ತಂದವರನ್ನು ನಮ್ಮ ಮಿಲ್ಲಿನವರು ಪೊಲೀಸರ ಹಾಗೆ ವಿಚಾರಣೆ ಮಾಡುತ್ತಾರೆ.

ಇನ್ನು ಅಳತೆ. ದಿಮ್ಮಿಯ ಸುತ್ತಳತೆಯನ್ನು ಅಂಗುಲದಲ್ಲಿ ಹಿಡಿದು ನಾಲ್ಕರಿಂದ ಭಾಗಿಸುತ್ತೇವೆ. ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ. 48 ಅಂಗುಲ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಇದೆ ಅನ್ನಿ. 48ರ ಕಾಲು ಭಾಗ 12. ಹನ್ನೆರಡು ಹನ್ನೆರಡಲೆ 144, ಹತ್ತು ಅಡಿ ಉದ್ದ, 144ರಿಂದ ಭಾಗಿಸಿದರೆ 10 ಘನ ಅಡಿ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಹಾಕಿದರೆ ಅದೇ ದಿಮ್ಮಿಯಲ್ಲಿ 12.7 ಘನ ಅಡಿ ಮರ ಇದೆ. ನಡುವಿನ 2.7 ಎಲ್ಲಿ ಹೋಯಿತು? ದುಂಡು ಮರವನ್ನು ಚೌಕ ಮಾಡುವಾಗ ಹೊರಗಿನ ಚೆಕ್ಕೆ ಹೋಗಿಯೇ ಹೋಗುತ್ತದೆ ಎಂದು ಹಿಂದಿನವರು ಮೊದಲೇ ಬಿಟ್ಟುಕೊಟ್ಟ ಲೆಕ್ಕ ಅದು. ಅಷ್ಟು ಬಿಟ್ಟುಕೊಟ್ಟರೂ ಹತ್ತು ಘನ ಅಡಿಗೆ ದುಡ್ಡು ಕೊಟ್ಟ ಮೇಲೆ ಕೈಗೆ ಸಿಗುವ ಒಳ್ಳೆಯ ಹಲಗೆ ಆರೋ ಏಳೋ ಘನ ಅಡಿ.

ಗರಗಸವೇ ಒಂದಿಷ್ಟು ತಿನ್ನುತ್ತದೆ. ಹಳೆಯ ದುಂಡು ಗರಗಸದಲ್ಲಿ ಒಂದು ಸಲ ಕೊಯ್ದರೆ ಸುಮಾರು ಐದು ಮಿಲಿಮೀಟರ್ ಮರ ಪುಡಿಯಾಗುತ್ತದೆ. ಒಂದು ಅಂಗುಲದ ಹಲಗೆ ಕೊಯ್ಯುತ್ತ ಹೋದರೆ ಐದು ಹಲಗೆಗೆ ಒಂದು ಹಲಗೆ ಹೊಟ್ಟಾಯಿತು. ಬ್ಯಾಂಡ್ ಸಾದಲ್ಲಿ ಅದರ ಅರ್ಧ. ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಉದ್ದ ಗರಗಸದಲ್ಲಿ ಕೊಯ್ಯುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಆ ಹೊಟ್ಟಿಗೂ ಒಂದು ಬೆಲೆ ಇದೆ ಅನ್ನಿ. ಕೋಳಿ ಸಾಕುವವರು ನೆಲಕ್ಕೆ ಹಾಸಲು ಒಯ್ಯುತ್ತಾರೆ. ಡಬ್ಬದಲ್ಲಿ ಹೊಟ್ಟು ಗಿಡಿದು, ನಡುವೆ ಕೋಲು ಇಟ್ಟು ತೆಗೆದು ಬೆಂಕಿ ಮಾಡುವ ಹೊಟ್ಟಿನ ಒಲೆ ನೆನಪಿದೆಯೇ? ನಮ್ಮ ಕಡೆ ಇನ್ನೂ ಕೆಲವರ ಬಚ್ಚಲಲ್ಲಿ ಅದು ಉರಿಯುತ್ತದೆ.

ಸಣ್ಣ ಮಿಲ್ಲು ಬರೀ ಕೊಯ್ಯುವ ಕೂಲಿಯಲ್ಲಿ ಬದುಕುವುದು ಕಷ್ಟವಾಗಿದೆ. ಮನೆ ಕಟ್ಟುವವರಿಗೆ ಈಗ ಪಕಾಸು, ರೀಪು ಬೇಡ, ಕಬ್ಬಿಣದ ಪೈಪು, ತಗಡು ಸಾಕು. ಬಾಗಿಲಿಗೆ ಹೊರದೇಶದ ಮರ ಮಂಗಳೂರು ಬಂದರಿಗೆ ಬಂದು ಇಳಿಯುತ್ತದೆ. ನಿಮ್ಮೂರಿನಲ್ಲೂ ಹಾಗೇ ಅಲ್ಲವೇ? ದೆಹಲಿಯ ಕೀರ್ತಿನಗರದಲ್ಲೋ ಪುಣೆಯ ಟಿಂಬರ್ ಮಾರ್ಕೆಟ್ಟಿನಲ್ಲೋ ಸುತ್ತಿ ನೋಡಿ, ಎಷ್ಟು ದೇಶದ ಮರ ಇದೆ ಎಂದು. ಹೀಗಾಗಿ ನಮ್ಮಂಥ ಮಿಲ್ಲಿನವರು ಉಳಿದ ತುಂಡುಗಳ ಕಡೆ ನೋಡಲು ಶುರು ಮಾಡಿದ್ದು. ಎರಡು ಅಡಿಯ ಹಲಸಿನ ತುಂಡು ಬಾಗಿಲಿಗೆ ಬಾರದು, ಚನ್ನೆಮಣೆಗೆ ಬರುತ್ತದೆ. ಅದಕ್ಕಿಂತ ಗಿಡ್ಡವಾದದ್ದು ಚಪಾತಿ ಮಣೆ, ಇನ್ನೂ ಗಿಡ್ಡ ಇದ್ದರೆ ಸೌಟು, ಕಡೆಗೋಲಿನ ತಲೆ, ಬುಗುರಿ. ಸೌದೆಗೆ ಹೋಗಬೇಕಾದದ್ದಕ್ಕೆ ಕೂಲಿ ಸೇರಿಸಿ ಮಾರುವುದು. ಹೇಳುವುದಕ್ಕೆ ಇಷ್ಟು ಸುಲಭ!

ಕಷ್ಟ ಎಲ್ಲಿದೆ ಎಂದರೆ ಒಣಗಿಸುವುದರಲ್ಲಿ. ನನ್ನ ಕೇಳಿದರೆ ಈ ಕಸುಬಿನ ಬಂಡವಾಳ ಮೆಷಿನ್ ಅಲ್ಲ, ಮರವೂ ಅಲ್ಲ, ಕಾಯುವ ತಿಂಗಳುಗಳು.

ಹೊಸದಾಗಿ ಕಡಿದ ಮರದಲ್ಲಿ ಒಣ ಮರದ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರಬಹುದು. ಆ ನೀರು ಮೊದಲು ಮರದ ನಾಳಗಳ ಒಳಗಿಂದ ಹೋಗುತ್ತದೆ. ಆಗ ಮರ ಹಗುರವಾಗುತ್ತದೆ ಅಷ್ಟೆ, ಆಕಾರ ಬದಲಾಗುವುದಿಲ್ಲ. ನೂರಕ್ಕೆ ಇಪ್ಪತ್ತೈದು ಮೂವತ್ತರ ಹತ್ತಿರ ಬಂದ ಮೇಲೆ ನಾರಿನ ಗೋಡೆಯೊಳಗಿನ ನೀರು ಹೊರಡುತ್ತದೆ, ಆಗ ಮರ ಕುಗ್ಗತೊಡಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೆಂದೇ ಹೇಳಬಹುದು. ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ಮರದ ಬಳೆಗಳ ಸುತ್ತಿನ ದಿಕ್ಕಿನಲ್ಲಿ, ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿನ ಹೆಚ್ಚುಕಡಿಮೆ ಎರಡರಷ್ಟು. ಎರಡು ಕಡೆ ಎರಡು ಥರ ಎಳೆದಾಗ ಏನಾಗಬೇಕು? ಹಲಗೆ ಬಾಗುತ್ತದೆ, ತಿರುಚುತ್ತದೆ, ಇಲ್ಲವೇ ಬಿರಿಯುತ್ತದೆ.

ಈಗ ನಿಮ್ಮ ಊರಿನ ಹವೆ ಇಲ್ಲಿ ಬಂದು ಸೇರುತ್ತದೆ. ಮರ ಎಷ್ಟೇ ಹಳೆಯದಾದರೂ ಸುತ್ತಲ ಗಾಳಿಯ ತೇವಕ್ಕೆ ತಕ್ಕ ಹಾಗೆ ನೀರು ಎಳೆದುಕೊಳ್ಳುತ್ತದೆ, ಬಿಡುತ್ತದೆ. ಆಗುಂಬೆಯ ಮಳೆಗೆ ಹತ್ತಿರದ ನಮ್ಮೂರಿನಲ್ಲಿ ಮಳೆಗಾಲದ ಹೊತ್ತಿಗೆ ಮಾಡಿನೊಳಗಿನ ಒಣ ಹಲಗೆಯಲ್ಲೂ ನೂರಕ್ಕೆ ಹದಿನಾರು ಹದಿನೆಂಟು ತೇವ ನಿಲ್ಲುತ್ತದೆ. ಅದೇ ಹಲಗೆಯನ್ನು ಮೇ ತಿಂಗಳ ದೆಹಲಿಗೆ ತಂದರೆ ಆರಕ್ಕೋ ಏಳಕ್ಕೋ ಇಳಿಯುತ್ತದೆ. ಒಂದು ಅಡಿ ಅಗಲದ ತೇಗದ ಹಲಗೆ ಅಷ್ಟರಲ್ಲಿ ಹತ್ತಿರಹತ್ತಿರ ಕಾಲು ಅಂಗುಲ ಕುಗ್ಗಬಹುದು. ತೇಗ ಸಾಧು ಮರ. ಬೇರೆ ಮರ ಇನ್ನೂ ಹೆಚ್ಚು ಕುಗ್ಗುತ್ತದೆ. ಹೈದರಾಬಾದಿನ ಬೇಸಿಗೆಯೂ ಸುಮಾರು ದೆಹಲಿಯ ಹಾದಿಯೇ. ಮುಂಬಯಿ, ಚೆನ್ನೈ ಕಡಲ ದಡದ ಊರುಗಳು, ಅಲ್ಲಿ ತೇವ ಇಷ್ಟು ಕೆಳಗಿಳಿಯುವುದಿಲ್ಲ. ಆದರೆ ಏಸಿ ಹಾಕಿದ ಕೋಣೆಯ ಗಾಳಿ ಒಣಗಿರುತ್ತದೆ, ಅದನ್ನು ಮರೆಯಬೇಡಿ. ಊರಿಂದ ತಂದ ದೇವರ ಮಂಟಪ ಮುಂಬಯಿಯ ನೆಂಟರ ಮನೆಯಲ್ಲಿ ಚೆನ್ನಾಗಿದ್ದು, ದೆಹಲಿಯ ನಿಮ್ಮ ಮನೆಯಲ್ಲಿ ಬಿರಿದರೆ ಅದು ದೇವರ ಮುನಿಸಲ್ಲ, ಗಾಳಿಯ ವ್ಯತ್ಯಾಸ.

ಅದಕ್ಕೆ ನಾವು ಮಾಡುವುದೇನು? ನಮ್ಮ ಕಡೆ ಮರ ಕಡಿಯುವುದು ಚಳಿಗಾಲದಿಂದ ಬೇಸಿಗೆಯ ತನಕ. ಅಮಾವಾಸ್ಯೆಯ ಹತ್ತಿರ ಕಡಿದರೆ ಹುಳ ಬೀಳುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಚಂದ್ರನ ವಿಷಯ ನಂಬುವುದು ಬಿಡುವುದು ನಿಮಗೆ ಸೇರಿದ್ದು. ಒಣ ಕಾಲದಲ್ಲಿ ಕಡಿದು ತಕ್ಷಣ ಕೊಯ್ದರೆ ಹುಳ ಕಡಿಮೆ ಎನ್ನುವುದಂತೂ ನಿಜ. ಕೊಯ್ದ ಹಲಗೆಯನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ ಅಟ್ಟಿ ಹಾಕುತ್ತೇವೆ. ಪ್ರತಿ ಹಲಗೆಯ ನಡುವೆ ಎರಡು ಅಡಿಗೊಂದರಂತೆ ಒಣ ರೀಪಿನ ತುಂಡು. ಆ ತುಂಡುಗಳು ಕೆಳಗಿನಿಂದ ಮೇಲಿನ ತನಕ ಒಂದೇ ಸಾಲಿಗೆ ಬರಬೇಕು, ಸ್ವಲ್ಪ ಆಚೀಚೆಯಾದರೂ ಹಲಗೆ ಡೊಂಕಾಗಿ ಒಣಗುತ್ತದೆ. ಹಲಗೆಯ ತುದಿಯಿಂದ ನೀರು ಬೇಗ ಹೋಗುವುದರಿಂದ ಅಲ್ಲೇ ಮೊದಲು ಸೀಳು ಬಿಡುವುದು. ಅದಕ್ಕೆ ತುದಿಗೆ ಬಣ್ಣ ಬಳಿಯುತ್ತೇವೆ. ಹಿಂದೆ ಸಗಣಿ ಬಳಿಯುತ್ತಿದ್ದರು, ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಒಣಗಿತೇ ಇಲ್ಲವೇ ಎಂದು ತಿಳಿಯಲು ಮೀಟರು ಸಿಗುತ್ತದೆ. ಅದಿಲ್ಲದೆಯೂ ಒಂದು ದಾರಿ ಇದೆ. ಅಟ್ಟಿಯಿಂದ ಒಂದು ತುಂಡು ಕತ್ತರಿಸಿ ತೂಗಿ ಬರೆದಿಡಿ. ಅದನ್ನು ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 1200 ಗ್ರಾಂ ಇದ್ದದ್ದು 1000 ಗ್ರಾಂ ಆಯಿತು ಅಂದರೆ ಅದರಲ್ಲಿದ್ದದ್ದು ನೂರಕ್ಕೆ ಇಪ್ಪತ್ತು ನೀರು. ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಪ್ರಯೋಗಾಲಯವಾಗಿ ಶುರುವಾದ ಮರ ವಿಜ್ಞಾನ ಸಂಸ್ಥೆಯವರ ಪುಸ್ತಕದಲ್ಲೂ, ನಮ್ಮ ಮಿಲ್ಲಿನ ಗೋಡೆಯ ಕ್ಯಾಲೆಂಡರಿನ ಹಿಂದೆಯೂ ಇರುವುದು ಇದೇ ಲೆಕ್ಕ.

ಒಂದು ವರ್ಷ ಸೆಪ್ಟೆಂಬರಿನಲ್ಲಿ ಮಹಾನಗರವೊಂದರ ದೊಡ್ಡ ಕಂಪನಿಯವರು ಫೋನ್ ಮಾಡಿದರು. ದೀಪಾವಳಿಗೆ ನೌಕರರಿಗೆ ಕೊಡಲು ಹಲಸಿನ ಮರದ ಟ್ರೇ ಬೇಕು, ಮುನ್ನೂರು, ಮೇಲೆ ಕಂಪನಿಯ ಗುರುತು ಕೆತ್ತಬೇಕು, ನಾಲ್ಕು ವಾರ ಸಮಯ. ಹೇಳಿದ ಬೆಲೆಗೆ ಒಪ್ಪಿದರು, ಚೌಕಾಶಿಯೂ ಮಾಡಲಿಲ್ಲ. ನಮ್ಮಂಥ ಮಿಲ್ಲಿಗೆ ಅದು ಅರ್ಧ ವರ್ಷದ ವ್ಯಾಪಾರ. ಆದರೆ ಮಾಡಿನಲ್ಲಿ ಒಣಗಿದ ಹಲಸು ಇದ್ದದ್ದು ಹೆಚ್ಚೆಂದರೆ ಅರವತ್ತು ಟ್ರೇಗೆ. ಉಳಿದದ್ದು ಮಳೆಗಾಲದಲ್ಲಿ ತೇವ ಕುಡಿದು ನಿಂತ ಹಲಗೆ. ನಮ್ಮಲ್ಲಿ ಹಿರಿಯರಾದ ಆಚಾರ್ರು ಒಂದು ಹಲಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು.

"ಆಚಾರ್ರೇ, ಹೇಗೆ? ಆಗ್ತದಾ?" ಅಂದೆ.

"ಮಾಡಲಿಕ್ಕೇನು, ಮಾಡಬಹುದು. ದೀಪಾವಳಿಗೆ ಚಂದ ಕಾಣ್ತದೆ, ಸಂಕ್ರಾಂತಿಗೆ ಬಿರಿತದೆ. ಆಮೇಲೆ ಅವರು ನನಗೆ ಫೋನ್ ಮಾಡೂದಿಲ್ಲ, ನಿಮಗೆ ಮಾಡ್ತಾರೆ. ಯೋಚನೆ ಮಾಡಿ" ಅಂದರು.

ಅರವತ್ತು ಕೊಡುತ್ತೇವೆ, ಉಳಿದದ್ದಕ್ಕೆ ಏಪ್ರಿಲ್ ತನಕ ಕಾಯಿರಿ ಎಂದು ಕಂಪನಿಯವರಿಗೆ ಹೇಳಿದೆವು. ಹಬ್ಬ ಕಾಯುವುದಿಲ್ಲವಲ್ಲ. ಅವರು ಬೇರೆ ಕಡೆಯಿಂದ ಮೆಷಿನಿನ ಟ್ರೇ ತರಿಸಿಕೊಂಡರು, ಅದರಲ್ಲಿ ಅವರದೇನೂ ತಪ್ಪಿಲ್ಲ. ಆದರೆ ಆ ಅಕ್ಟೋಬರಿನಲ್ಲಿ ನಾಲ್ಕು ಜನರ ಕೂಲಿಗೆ ನಾನು ಸಾಲ ತೆಗೆಯಬೇಕಾಯಿತು. ನಾಲ್ವರಲ್ಲಿ ಚಿಕ್ಕವನು, ಕೆತ್ತನೆಯಲ್ಲಿ ಒಳ್ಳೆಯ ಕೈ ಇದ್ದ ಹುಡುಗ, ಹಬ್ಬ ಮುಗಿಸಿಕೊಂಡು ಬೆಂಗಳೂರಿಗೆ ಹೋದ. ಅಲ್ಲಿ ಅಡಿಗೆಮನೆಯ ಕಪಾಟು ಜೋಡಿಸುವ ಕೆಲಸ. ತಿಂಗಳ ಸಂಬಳ ಸರಿಯಾಗಿ ಬರುತ್ತದೆ. ಹೋಗಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಅವನ ಉಳಿಗಳು ಮಾಡಿನಲ್ಲೇ ಇವೆ. ಎಣ್ಣೆ ಹಚ್ಚಿ ಇಟ್ಟಿದ್ದೇವೆ.

ಈಗ ಬೆಲೆಯ ಲೆಕ್ಕಕ್ಕೆ ಬರೋಣ. ಚನ್ನೆಮಣೆಯನ್ನೇ ತೆಗೆದುಕೊಳ್ಳಿ. ಎರಡು ಅಡಿ ಉದ್ದ, ಏಳು ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪ. ಗುಣಿಸಿ ನೋಡಿದರೆ ಒಂದು ಘನ ಅಡಿಯ ಏಳನೇ ಒಂದು ಭಾಗ. ಒಣಗಿದ ಹಲಸಿನ ಹಲಗೆ ಘನ ಅಡಿಗೆ ಎರಡು ಸಾವಿರ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಊರೂರಿಗೆ, ವರ್ಷವರ್ಷಕ್ಕೆ ಅದು ಬದಲಾಗುತ್ತದೆ. ಮಣೆಗೆ ಹೋದ ಮರ ಇನ್ನೂರ ತೊಂಬತ್ತು ರೂಪಾಯಿಯದ್ದು, ಹತ್ತರಿ ಹೊಡೆಯುವಾಗ ಹೋದದ್ದು, ಗಂಟು ಬಂದು ಬಿಟ್ಟದ್ದು ಸೇರಿ ಮುನ್ನೂರ ಐವತ್ತು. ಹದಿನಾಲ್ಕು ಗುಳಿಯನ್ನು ಬಾಗಿದ ಉಳಿಯಲ್ಲಿ ಒಂದೇ ಆಳಕ್ಕೆ ತೋಡಿ ನುಣ್ಣಗೆ ಮಾಡಲು ಒಬ್ಬ ಆಚಾರಿಗೆ ಒಂದು ದಿನ ಬೇಕು. ದಿನಗೂಲಿ ಸಾವಿರ ಅನ್ನಿ. ಉಜ್ಜುವವರಿಗೆ, ಉಪ್ಪು ಕಾಗದಕ್ಕೆ, ಎಣ್ಣೆಗೆ ಇನ್ನೂರು. ಅಲ್ಲಿಗೆ ಸಾವಿರದ ಐನೂರೈವತ್ತು. ಹತ್ತರಲ್ಲಿ ಒಂದು ಕೊನೆಯಲ್ಲಿ ಸೀಳು ಬಿಡುತ್ತದೆ, ಅದರ ಭಾರ ಉಳಿದ ಒಂಬತ್ತರ ಮೇಲೆ. ಸಾವಿರದ ಏಳುನೂರರ ಮೇಲಾಯಿತು. ನೂರು ಮಣೆ ಕಟ್ಟಿಕೊಂಡು ದೆಹಲಿಗೆ ಬಂದು, ಮಳಿಗೆ ಬಾಡಿಗೆ, ರೈಲು, ಲಗೇಜು, ಊಟ, ವಸತಿ ಅಂತ ಮೂವತ್ತು ಸಾವಿರ ಖರ್ಚಾದರೆ ತಲಾ ಮುನ್ನೂರು. ಎರಡು ಸಾವಿರ ದಾಟಿತು. ಮಿಲ್ಲಿನ ಕರೆಂಟು ಬಿಲ್ಲು, ಎಂಟು ತಿಂಗಳು ಅಟ್ಟಿಯಲ್ಲಿ ಮಲಗಿದ್ದ ದುಡ್ಡಿನ ಬಡ್ಡಿ ಸೇರಿಸಿ ಎರಡು ಸಾವಿರದ ನಾಲ್ಕುನೂರು ಎಂದು ಚೀಟಿ ಅಂಟಿಸಿದರೆ ನಮಗೆ ಉಳಿಯುವುದು ಅಲ್ಪಸ್ವಲ್ಪ.

"ಮರದ ತುಂಡಿಗೆ ಇಷ್ಟಾ" ಎಂದಿರಲ್ಲ, ಮರದ ತುಂಡಿಗೆ ನೀವು ಕೊಡುವುದು ಆ ಎರಡು ಸಾವಿರದ ನಾಲ್ಕುನೂರರಲ್ಲಿ ಮುನ್ನೂರ ಐವತ್ತು. ಉಳಿದದ್ದು ಮನುಷ್ಯರ ದಿನಗಳು ಮತ್ತು ರೈಲು. ನೀವು ಚೌಕಾಶಿ ಮಾಡಿ ಐನೂರು ಇಳಿಸಿದಿರಿ ಅನ್ನಿ. ಮರದವರು ಕಡಿಮೆ ಮಾಡುವುದಿಲ್ಲ, ರೈಲಿನವರು ಮಾಡುವುದಿಲ್ಲ, ಮೇಳದ ಬಾಡಿಗೆ ಮೊದಲೇ ಕಟ್ಟಿಯಾಗಿದೆ. ಅದು ಎಲ್ಲಿಂದ ಇಳಿಯಬೇಕು ಹೇಳಿ. ಅಂಗಡಿಯವರಿಗೆ ಕೊಟ್ಟರೆ ಮಾರಾಟವಾದ ಮೇಲೆ ದುಡ್ಡು ಎನ್ನುತ್ತಾರೆ. ಅದು ಮೂರು ತಿಂಗಳಾಗಬಹುದು, ಆರಾಗಬಹುದು. ಆಚಾರ್ರ ಮನೆಯಲ್ಲಿ ಅಕ್ಕಿ ಮುಗಿಯುವುದು ವಾರಕ್ಕೆ.

ಇದೇ ಕಸುಬಿನಲ್ಲಿ ನಮಗಿಂತ ಜಾಣತನ ತೋರಿದವರು ಚನ್ನಪಟ್ಟಣದವರು. ಅವರು ಹಿಡಿದ ಮರ ಆಲೆ ಮರ. ಬಿಳಿ, ಮೆತ್ತಗೆ, ನುಣುಪು. ಸಣ್ಣ ತುಂಡು ಮಾಡಿ ಇಟ್ಟರೆ ಬೇಗ ಒಣಗುತ್ತದೆ, ದೊಡ್ಡ ಹಲಗೆಯ ತಾಪತ್ರಯವೇ ಇಲ್ಲ. ತಿರುಗಣಿಯಲ್ಲಿ ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಕೇದಗೆ ಜಾತಿಯ ಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಮಕ್ಕಳು ಬಾಯಿಗೆ ಇಟ್ಟರೂ ಹೆದರಬೇಕಿಲ್ಲದ ತರಕಾರಿ ಬಣ್ಣಗಳನ್ನು ಬಳಸುವವರು ಅಲ್ಲಿ ಇದ್ದಾರೆ, ಕೇಳಿ ಕೊಳ್ಳಿ. ಅವರ ಬೊಂಬೆಗೆ ಊರಿನ ಹೆಸರನ್ನೇ ಕಾಯುವ ಜಿಐ ಗುರುತು ಇದೆ, ಮೈಸೂರಿನ ಬೀಟೆ ಮರದ ಕುಂದಣ ಕೆಲಸಕ್ಕೂ ಇದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ಜಿಐ ಪಡೆದ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳಿಗೂ ವಿನಾಯಿತಿ ಸಿಕ್ಕಿತು. ಇಲ್ಲದಿದ್ದರೆ ಒಬ್ಬ ತಿರುಗಣಿಯವನು ಪ್ರಯೋಗಾಲಯದ ಶುಲ್ಕ ಕಟ್ಟಿ ಬೊಂಬೆ ಮಾಡಲು ಸಾಧ್ಯವಿತ್ತೇ? ಚನ್ನೆಮಣೆಗೆ, ಕಡೆಗೋಲಿಗೆ ಅಂಥ ಹೆಸರಿನ ಬಲ ಇಲ್ಲ. ನೀವು ನೋಡಿ ಗುರುತು ಹಿಡಿಯಬೇಕು, ಅಷ್ಟೆ.

ಹೇಗೆ ನೋಡುವುದು? ರೇಡಿಯೋದಲ್ಲಿ ಕೈಹಿಡಿದು ತೋರಿಸಲು ಆಗುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಸಾಮಾನನ್ನು ಎತ್ತಿ ನೋಡಿ. ಪಕ್ಕದಲ್ಲಿರುವ ಅದೇ ಅಳತೆಯದ್ದಕ್ಕಿಂತ ಬಹಳ ಭಾರವಿದ್ದರೆ ಒಳಗೆ ನೀರಿರಬಹುದು. ಕೆನ್ನೆಗೆ ಒತ್ತಿ, ತಣ್ಣಗೆ ಕೊರೆದರೆ ಅನುಮಾನ ಪಡಿ. ತಿರುಗಿಸಿ ತಳ ನೋಡಿ, ಮಾಡಿದವರ ಗುಣ ಕಾಣುವುದು ತಳದಲ್ಲೇ. ದಟ್ಟ ಬಣ್ಣ ಬಳಿದಿದ್ದರೆ ಯಾವ ಮರ ಎಂದು ಕೇಳಿ. ಹೊರಗಿನ ಬಿಳಿ ಮರದ ಭಾಗ ಹೆಚ್ಚಿದ್ದರೆ ಕುಟ್ಟೆ ಹುಳಕ್ಕೆ ಅದೇ ಇಷ್ಟ. ಮನೆಗೆ ತಂದ ಮೇಲೆ ಸಾಮಾನಿನ ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಕಂಡರೆ ಹುಳ ಇನ್ನೂ ಒಳಗಿದೆ ಎಂದರ್ಥ. ಬೇರೆ ಸಾಮಾನಿನಿಂದ ದೂರವಿಟ್ಟು ಮಾರಿದವರಿಗೆ ತಿಳಿಸಿ. ಹೊನ್ನೆ ಮರದ ಲೋಟದಲ್ಲಿ ನೀರು ನೀಲಿ ಛಾಯೆಗೆ ತಿರುಗುವುದು ನೋಡಲು ಚಂದ. ಅದು ಸಕ್ಕರೆ ಕಾಯಿಲೆಗೆ ಮದ್ದು ಎಂದೂ ಮಾರುತ್ತಾರೆ. ನಾವು ಲೋಟ ಮಾಡುವವರು, ವೈದ್ಯರಲ್ಲ. ದಯವಿಟ್ಟು ಡಾಕ್ಟರು ಕೊಟ್ಟ ಗುಳಿಗೆ ನಿಲ್ಲಿಸಬೇಡಿ.

ನಿಮ್ಮಲ್ಲಿ ಕಂಪನಿ, ಬ್ಯಾಂಕು, ಕನ್ನಡ ಸಂಘಗಳಲ್ಲಿ ಜವಾಬ್ದಾರಿ ಇರುವವರು ಬಹಳ ಜನ ಇದ್ದೀರಿ. ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಮರದ ಉಡುಗೊರೆ ಕೊಡುವ ಮನಸ್ಸಿದ್ದರೆ ಸೆಪ್ಟೆಂಬರಿನಲ್ಲಿ ಫೋನ್ ಮಾಡಬೇಡಿ. ಜನವರಿಯಲ್ಲಿ ಹೇಳಿ. ನಮಗೇ ಎಂದಲ್ಲ, ಚನ್ನಪಟ್ಟಣ, ಸಾಗರ, ಮೈಸೂರು, ಯಾರಿಗಾದರೂ ಆಗಲಿ. ಆಗ ಹಲಗೆ ಕೊಯ್ದು, ಬೇಸಿಗೆಯ ಗಾಳಿಗೆ ಒಣಗಿಸಿ, ಮಳೆಗಾಲದಲ್ಲಿ ಕೂತು ಕೆತ್ತಿ, ಹೊತ್ತಿಗೆ ಸರಿಯಾಗಿ ಕಳಿಸಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಬೇರೆ ಕೆಲಸವೂ ಇರುವುದಿಲ್ಲ, ಕೈಗಳು ಖಾಲಿ ಇರುತ್ತವೆ. ಮೂರರಲ್ಲಿ ಒಂದು ಪಾಲು ಮುಂಗಡ ಕೊಟ್ಟರೆ ಸಾಲ ತಪ್ಪುತ್ತದೆ.

ಕೊನೆಯದಾಗಿ ಈಗಾಗಲೇ ಮನೆಯಲ್ಲಿರುವ ಸಾಮಾನಿನ ವಿಷಯ. ಮರದ ಸೌಟು, ಮಣೆಗಳನ್ನು ನೀರಿನಲ್ಲಿ ನೆನೆಹಾಕಬೇಡಿ. ತೊಳೆದು ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ, ಬಿಸಿಲಿಗೆ ಇಡಬೇಡಿ. ಒಂದೇ ಮುಖ ಬಿಸಿಲಿಗೆ ಬಿದ್ದರೆ ಬಾಗುತ್ತದೆ. ಅಡಿಗೆಯ ಸಾಮಾನಿಗೆ ಎರಡು ತಿಂಗಳಿಗೊಮ್ಮೆ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿದರೆ ಸಾಕು. ಪೀಠ, ಪೆಟ್ಟಿಗೆಗೆ ಅಗಸೆ ಎಣ್ಣೆ ಒಳ್ಳೆಯದು, ಅದು ಒಣಗಿ ಪದರ ಕಟ್ಟುತ್ತದೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ. ದೆಹಲಿ, ಹೈದರಾಬಾದಿನವರು ಹೋಳಿ ಹಬ್ಬದ ಹೊತ್ತಿಗೆ, ಸೆಕೆ ಏರುವ ಮೊದಲು, ಒಂದು ಸಲ ಎಣ್ಣೆ ಹಚ್ಚಿಬಿಡಿ. ಕೂದಲೆಳೆಯಷ್ಟು ಸೀಳು ಈಗಾಗಲೇ ಬಿಟ್ಟಿದ್ದರೆ ಆತುರಪಟ್ಟು ಮೇಣ ತುಂಬಬೇಡಿ. ಮಳೆ ಬಂದ ಮೇಲೆ ಎಷ್ಟೋ ಸಲ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಗಸ್ಟ್ ತನಕ ನೋಡಿ.